ತೆರೆದ ಕೋಟೆ ಬಾಗಿಲೊಳಗೆ ಯಾರೂ ಕಾಲಿಡದಿರುವ ಬಗ್ಗೆ

ಸುತ್ತೋಲೆ
ಸಂಖ್ಯೆ: ಊಕೋ/ಮೇಜು/ದಾಳ/ಕುದುರೆ-1 (ತಿದ್ದುಪಡಿಯ ಮೇಲಿನ ತಿದ್ದುಪಡಿ)

ವಿಷಯ: ಊಟದ ಕೋಣೆಯ ಕಥೆಯಾಟದಲ್ಲಿ ಕಥೆ ಹೇಳುವವರ ಹಕ್ಕು ಎಲ್ಲಿಗೆ ಮುಗಿಯುತ್ತದೆ, ಪಾತ್ರ ಕಟ್ಟುವವರ ಹಕ್ಕು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನಿಗದಿಪಡಿಸುವ ಕುರಿತು.

ಉಲ್ಲೇಖ: 1) ಚಳಿಗಾಲದ ಒಂದು ಮಧ್ಯಾಹ್ನ, ಊಟದ ಗಂಟೆ ಹೊಡೆದು ಡಬ್ಬಿಗಳ ಮುಚ್ಚಳ ತೆರೆಯುವ ಹೊತ್ತಿಗೆ, ದಾಖಲೆ ಕೋಣೆಯ ಹಿರಿಯ ಸಹಾಯಕರು (ಇನ್ನು ಮುಂದೆ ‘ಅಜ್ಜ’) “ಒಂದು ಕೋಟೆ ಇತ್ತು” ಎಂದು ಮೌಖಿಕವಾಗಿ ತಿಳಿಸಿದ್ದು.
2) “ಆಮೇಲೆ?” ಎಂಬ ಸಿಬ್ಬಂದಿಯ ಮನವಿ.

ಸದರಿ ಆಟದಲ್ಲಿ ಅಜ್ಜ ಕಥೆ ಹೇಳತಕ್ಕದ್ದು. ಉಳಿದವರು ತಲಾ ಒಂದು ಪಾತ್ರ ವಹಿಸಿಕೊಂಡು ಆ ಪಾತ್ರದಂತೆಯೇ ಮಾತಾಡಿ ನಡೆಯತಕ್ಕದ್ದು. ಅನುಮಾನ ಬಂದಲ್ಲಿ ದಾಳ ಉರುಳಿಸತಕ್ಕದ್ದು. ಬೆರಳಚ್ಚುಗಾರ್ತಿ ಕತ್ತಿ ಹಿಡಿದ ವೀರೆ, ಉಗ್ರಾಣದವರು ಕಳ್ಳ, ಜೀಪಿನ ಚಾಲಕರು ಕುದುರೆ ಸವಾರ. ಅಷ್ಟೇ ಆಗಿದ್ದರೆ ಈ ಸುತ್ತೋಲೆಯ ಅಗತ್ಯ ಬೀಳುತ್ತಿರಲಿಲ್ಲ. ಆದುದರಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಗಾಳಿ, ಗೋಡೆ, ತೋಳ ಮುಂತಾದವು ಕಥೆ ಹೇಳುವವರ ವ್ಯಾಪ್ತಿಗೆ ಬರುತ್ತವೆ. ಪಾತ್ರದ ಮಾತು, ಕೈಕಾಲು ಮತ್ತು ಎದೆಯೊಳಗಿನ ಭಯ ಪಾತ್ರ ಕಟ್ಟುವವರ ಸ್ವಂತದ್ದು. ತೋಳ ಬಂದ ದಿನ ಅಜ್ಜ “ನೀನು ಹೆದರಿಬಿಟ್ಟೆ” ಎಂದಿದ್ದಕ್ಕೆ, ಬೆರಳಚ್ಚುಗಾರ್ತಿಯವರು “ನಾನ್ಯಾಕೆ ಹೆದರ್ಲಿ? ಬೇಕಿದ್ರೆ ಅದೇ ಹೆದರ್ಲಿ” ಎಂದು ಡಬ್ಬಿ ಕುಟ್ಟಿದ್ದನ್ನು ಗಮನಿಸಲಾಗಿದೆ. ದಾಳ ಉರುಳಿಸಲಾಗಿ ತೋಳವೇ ಹೆದರಿರುತ್ತದೆ.

2. ಕಳ್ಳನ ಪಾತ್ರದಲ್ಲಿರುವವರು ಕದ್ದ ಮಾಲಿಗೆ ರಸೀದಿ ಕೇಳಬಾರದು. ಮಲಗಿದ್ದ ರಾಜನ ಕಿರೀಟ ಎಗರಿಸಿದ ಉಗ್ರಾಣದವರು, ಅದೇ ರಾಜನನ್ನು ತಟ್ಟಿ ಎಬ್ಬಿಸಿ ಸಹಿ ಕೇಳಿ ಸಿಕ್ಕಿಬಿದ್ದಿರುತ್ತಾರೆ. “ಸಹಿ ಇಲ್ದೆ ಸಾಮಾನು ಎತ್ತೋಕೆ ಕೈ ಬರಲ್ಲ ಅಜ್ಜಾ” ಎಂಬ ಅವರ ವಿವರಣೆಯನ್ನು ಪರಿಶೀಲಿಸಲಾಗಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಷರಾದೊಂದಿಗೆ ಮುಕ್ತಾಯಗೊಳಿಸಲಾಗಿದೆ.

3. ಕುದುರೆಯನ್ನು ನೆರಳಲ್ಲಿ ನಿಲ್ಲಿಸಲು ಒಂದು ಇಡೀ ಊಟದ ವಿರಾಮವನ್ನು ಬಳಸುವಂತಿಲ್ಲ. ಕುದುರೆಯನ್ನು ಹಿಮ್ಮುಖವಾಗಿ ಲಾಯಕ್ಕೆ ಸೇರಿಸುವಾಗ “ಬಾ, ಬಾ, ಬಾ... ಸಾಕು!” ಎಂದು ಕೂಗುವುದನ್ನು ನಿಷೇಧಿಸಲಾಗಿದೆ. ಕುದುರೆಗೆ ಹಾರ್ನ್ ಇರುವುದಿಲ್ಲ. ಈ ಬಗ್ಗೆ ಇನ್ನು ಚರ್ಚೆ ಬೇಡ.

4. ದಾಳ ಜಪ್ತಿ ಮಾಡಲೆಂದೇ ಕೋಣೆಗೆ ಬಂದ ಅಧೀಕ್ಷಕಿಯವರು “ಯಾರನ್ನ ಕೇಳಿ ಇಲ್ಲಿ ಕೂತಿದ್ದೀರಿ?” ಎಂದು ಗುಡುಗಿದ್ದು ಸರಿಯಷ್ಟೆ. ಅಜ್ಜ ತಲೆ ಎತ್ತದೆ, ಅದೇ ಉಸಿರಿನಲ್ಲಿ, “ಕೋಟೆ ಬಾಗಿಲಿಗೆ ಬಂದವರನ್ನ ಕಾವಲುಗಾರ್ತಿ ಹೀಗೇ ಕೇಳಿದಳು” ಎಂದು ಕಥೆ ಮುಂದುವರಿಸಿದ್ದರಿಂದ, ಆ ಕ್ಷಣದಿಂದಲೇ ಅಧೀಕ್ಷಕಿಯವರು ಸದರಿ ಕಾವಲುಗಾರ್ತಿಯ ಹುದ್ದೆಗೆ ನೇಮಕಗೊಂಡಿರುತ್ತಾರೆ.

5. ಬೇರೆ ಯಾರೇ ಆಗಿದ್ದರೂ ಕಾವಲುಗಾರ್ತಿಯ ಮೇಲೆ ಕತ್ತಿ ಎತ್ತುತ್ತಿದ್ದರು. ನಮ್ಮ ಸಿಬ್ಬಂದಿ ಅರ್ಜಿ ಕೊಟ್ಟರು. ಕಾವಲುಗಾರ್ತಿಯವರು ಅದನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಲು ಹಿಂತಿರುಗಿಸಿದರು. ಚಳಿ ಹೋಗಿ ಬಿಸಿಲು ಬಂತು, ಬಾಗಿಲು ತೆರೆಯಲಿಲ್ಲ. ಸರತಿಯಲ್ಲಿ ಕೊನೆಗೆ ತೋಳವೂ ಬಂದು ನಿಂತಿದ್ದು, ಅದರ ಅರ್ಜಿಯೊಂದೇ ಕ್ರಮಬದ್ಧವಾಗಿತ್ತು.

6. ಕಥೆಯ ತುದಿ ಆ ಬಾಗಿಲ ಆಚೆಗಿದ್ದು, ಅಜ್ಜ ಅದನ್ನು ದವಡೆಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಜೋಪಾನ ಮಾಡಿಕೊಂಡು ಬಂದಿರುತ್ತಾರೆ. ಅಜ್ಜನ ನಿವೃತ್ತಿ ಶುಕ್ರವಾರಕ್ಕೆ ಬಿದ್ದಿತ್ತು. “ಇಷ್ಟೆಲ್ಲಾ ಹೇಳಿ ತುದಿ ಹೇಳ್ದೆ ಹೋದ್ರೆ ನನಗೆ ಮನೇಲಿ ನಿದ್ದೆ ಹತ್ತುತ್ತೇನ್ರೋ?” ಎಂದು ಅವರು ಆ ವಾರವಿಡೀ ಕೇಳಿದ್ದು, ಎಲ್ಲರೂ ಖಾಲಿ ಡಬ್ಬಿಯ ತಳ ಕೆರೆದಿದ್ದು ದಾಖಲಾಗಿದೆ.

7. ಶುಕ್ರವಾರ ಅಜ್ಜ, ಒಂದನೇ ಕಂಡಿಕೆಯ ಅಧಿಕಾರ ಚಲಾಯಿಸಿ, “ಗಾಳಿ ಬೀಸಿತು. ಬಾಗಿಲು ತಂತಾನೇ ತೆರೆಯಿತು” ಎಂದರು. ಗಾಳಿ ಅಜ್ಜನ ವ್ಯಾಪ್ತಿಗೆ ಬರುವುದರಿಂದ ಕಾವಲುಗಾರ್ತಿಯವರಿಗೆ ಆಕ್ಷೇಪಿಸಲು ದಾರಿ ಸಿಗಲಿಲ್ಲ. ಆದರೆ ಯಾರೂ ಒಳಗೆ ಹೋಗಲಿಲ್ಲ. ಚಾಲಕರ ಕುದುರೆಗೆ ಅಲ್ಲೇ ಲಾಳ ಸಡಿಲವಾಯಿತು. ಕಳ್ಳರು, ಕರೆಯದೆ ಪರರ ಮನೆಗೆ ಹೋಗುವುದು ತಮ್ಮ ಮನೆತನಕ್ಕೆ ಶೋಭಿಸದು ಎಂದರು. ವೀರೆಯವರು ಕತ್ತಿ ಕೆಳಗಿಟ್ಟು ಹೊಸಿಲ ಈಚೆಗೇ ಕೂತುಬಿಟ್ಟರು.

“ಬನ್ರೋ ಒಳಗೆ, ಮುಗಿಸ್ಬೇಕು” ಎಂದು ಅಜ್ಜ ಅಂಗಲಾಚಿದ್ದಕ್ಕೆ ವೀರೆಯವರ ಉತ್ತರ: “ಬಾಗಿಲು ನಿಮ್ದು ಅಜ್ಜಾ, ಕಾಲು ನಮ್ದು.”

ಒಂದನೇ ಕಂಡಿಕೆಯನ್ನು ಮತ್ತೊಮ್ಮೆ ಓದಲಾಗಿ, ಆಕೆಯ ವಾದ ಸರಿಯಾಗಿಯೇ ಇತ್ತು. ಅಜ್ಜ ಕೋಪಗೊಳ್ಳಲು ಪ್ರಯತ್ನಿಸಿ ವಿಫಲರಾಗಿರುತ್ತಾರೆ. ಕಾವಲುಗಾರ್ತಿಯವರ ಕಣ್ಣಿಗೆ ಧೂಳು ಬಿದ್ದಿರುತ್ತದೆ. ಅಜ್ಜನ ಗಾಳಿಯಲ್ಲಿ ಧೂಳಿನ ಉಲ್ಲೇಖವೇ ಇಲ್ಲದ್ದರಿಂದ ವಿಚಾರಣೆ ಬಾಕಿ ಇದೆ.

8. ಮೇಲ್ಕಂಡ ಕಾರಣಗಳಿಂದ ಆದೇಶಿಸಲಾಗಿರುವುದೇನೆಂದರೆ: ಬಾಗಿಲು ತೆರೆದೇ ಇರತಕ್ಕದ್ದು. ಅಜ್ಜನ ಗೈರುಹಾಜರಿಯಲ್ಲಿ ಯಾರೂ ಇಣುಕಿ ನೋಡತಕ್ಕದ್ದಲ್ಲ. ಅಜ್ಜನನ್ನು ದಾಖಲೆ ಕೋಣೆಯಿಂದ ಬಿಡುಗಡೆ ಮಾಡಿದ ಆದೇಶ ಇದೆ. ಕಥೆಯಿಂದ ಬಿಡುಗಡೆ ಮಾಡಿದ ಆದೇಶ ಎಷ್ಟು ಹುಡುಕಿದರೂ ಸಿಕ್ಕಿರುವುದಿಲ್ಲ. ಹಾಗಾಗಿ ಅವರು ಪ್ರತಿ ಶುಕ್ರವಾರ ಊಟದ ಗಂಟೆಗೆ ಡಬ್ಬಿಯೊಂದಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತೋಳವನ್ನು ಮನೆಗೆ ಕಳುಹಿಸಲಾಗುವುದು.

(ಸಹಿ)
ಅಧೀಕ್ಷಕಿ
ಹಾಗೂ ಪದನಿಮಿತ್ತ ಕೋಟೆ ಕಾವಲುಗಾರ್ತಿ

ಪ್ರತಿಗಳು:
1. ಬೆರಳಚ್ಚುಗಾರ್ತಿಯವರಿಗೆ, ತಾವೇ ಬೆರಳಚ್ಚಿಸಿ ತಾವೇ ಸ್ವೀಕರಿಸಲು.
2. ಉಗ್ರಾಣದವರಿಗೆ, ರಸೀದಿಯೊಂದಿಗೆ.
3. ಕುದುರೆಗೆ, ಚಾಲಕರ ಮೂಲಕ.
4. ತೋಳಕ್ಕೆ, ಅರ್ಜಿ ಪುರಸ್ಕರಿಸಲಾಗಿದೆ.
5. ಕೋಟೆಯ ಒಳಗಿರುವವರಿಗೆ, ಅವರು ಯಾರೆಂದು ಅಜ್ಜನಿಗೆ ಮಾತ್ರ ಗೊತ್ತಿದ್ದು, ಇನ್ನಷ್ಟು ಕಾಲ ಕಾದಿರುವಂತೆ ಕೋರಿ.
6. ಅಜ್ಜನಿಗೆ, ಮನೆಯ ವಿಳಾಸಕ್ಕೆ. ದಾಳವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕಥೆಯ ತುದಿಯನ್ನು ಯಾರಿಗೂ ಹೇಳದೆ, ಶುಕ್ರವಾರ ಸಂಜೆ ಹೊರಟವರು.