ಗೇಟಿಗೆ ಅಡ್ಡ ನಿಂತ ಗಾಡಿ

ಆ ಬಿಳಿ ಕಾರು ಯಾವಾಗ ಬಂತೋ ಯಾರೂ ನೋಡಿರಲಿಲ್ಲ. ಖಂಡಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಳಗಿಳಿಯುವಷ್ಟರಲ್ಲಿ ಅದು ಬಿಲ್ಡಿಂಗಿನ ಗೇಟಿಗೆ ಸರಿಯಾಗಿ ಅಡ್ಡ ನಿಂತಿತ್ತು. ಒಳಗೆ ಡ್ರೈವರ್ ಇಲ್ಲ. ಬಾಗಿಲಿಗೆ ಲಾಕು. ಹೊಸ ಗಾಡಿ, ಮುಂದೆ ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ.

ಈ ಮುಂಬಯಿಯಲ್ಲಿ ಗಾಡಿ ಕೊಂಡವರಿಗೆಲ್ಲ ಒಂದು ರೋಗ ತಗಲುತ್ತದೆ. ‘ದೋ ಮಿನಿಟ್’ ಅಂದರೆ ಸಾಕು, ದವಾಖಾನೆಯ ಬಾಗಿಲಿಗೂ ನಿಲ್ಲಿಸಬಹುದು, ಸ್ಮಶಾನದ ಬಾಗಿಲಿಗೂ ನಿಲ್ಲಿಸಬಹುದು. ಅವರ ಆ ಎರಡು ನಿಮಿಷದಲ್ಲಿ ಉಳಿದವರು ಊಟ ಮಾಡಿ ಒಂದು ನಿದ್ದೆ ತೆಗೆದು ಏಳಬಹುದು. ಹೋಗಲಿ, ಬೇರೆ ದಿನವಾಗಿದ್ದರೆ ಖಂಡಪ್ಪ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ. ಇವತ್ತು ಸುಮ್ಮನಾಗುವಂತಿರಲಿಲ್ಲ. ಇವತ್ತು ಮಗಳು ಮಾಧುರಿಯ ಕುಬಸ, ಏಳು ತಿಂಗಳ ಸೀಮಂತ.

ಮಾಧುರಿಯನ್ನು ಕೊಟ್ಟಿದ್ದು ಗೋರೆಗಾಂವ್‌ಗೆ. ಬೀಗರದು ಬಟ್ಟೆ ಅಂಗಡಿ, ಅನುಕೂಲಸ್ಥರು. ಮನೆಯ ಯಜಮಾನಿಕೆಯೆಲ್ಲ ಬೀಗಿತ್ತಿ ಶಿವಕುಮಾರಿಯವರದು. ಏಳು ತಿಂಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತಂದು ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಮಗಳನ್ನು ಮನೆಗೆ ಕರೆದುಕೊಂಡು ಹೋಗುವುದು ಪದ್ಧತಿ. ಆದರೆ ಶಿವಕುಮಾರಿಯವರು ಕಳೆದ ಸಲ ದಹಿಸರ್‌ನ ಇವರ ಮನೆಗೆ ಬಂದಾಗ ಓಣಿಯ ಎರಡೂ ಕಡೆ ನಿಂತ ಗಾಡಿಗಳನ್ನು ನೋಡಿ, ಚಹಾ ಕುಡಿಯುತ್ತಲೇ ಒಂದು ಮಾತು ಹೇಳಿಬಿಟ್ಟಿದ್ದರು.

“ಬೀಗರ, ಸಿಟ್ಟಾಗಬ್ಯಾಡ್ರಿ. ಹುಡುಗಿಗೆ ಬ್ಯಾನಿ ಸುರುವಾದ್ರ ನಿಮ್ಮ ಗೇಟಿನಿಂದ ಗಾಡಿ ಹೊರಗ ಬರತೈತೇನು? ನನಗ ಧೈರ್ಯ ಸಾಲವಲ್ದು.”

ಆ ಮಾತು ಖಂಡಪ್ಪನ ಎದೆಗೆ ನಾಟಿತ್ತು. ಅವನು ಬಿಲ್ಡಿಂಗಿನ ಕಮಿಟಿ ಮೆಂಬರ್. ಗೇಟಿನ ಮೇಲೆ ‘ಅಡ್ಡ ನಿಲ್ಲಿಸಿದ ಗಾಡಿಗಳ ಹವಾ ತೆಗೆಯಲಾಗುವುದು’ ಎಂದು ಮರಾಠಿಯಲ್ಲಿ ಬೋರ್ಡು ಬರೆಸಿ ಹಾಕಿದವನೇ ಅವನು. ಒಳಗೆ ಎರಡನೆಯ ಸಾಲಿನಲ್ಲಿ ನಿಲ್ಲುವ ಗಾಡಿಗಳಿಗೆ ಹ್ಯಾಂಡ್‌ಬ್ರೇಕ್ ಹಾಕಬಾರದು, ನ್ಯೂಟ್ರಲ್‌ನಲ್ಲಿ ಬಿಡಬೇಕು, ಬೇಕಾದವರು ನೂಕಿಕೊಂಡು ದಾರಿ ಮಾಡಿಕೊಳ್ಳಬೇಕು ಎಂಬ ಶಿಸ್ತು ತಂದವನೂ ಅವನೇ. “ಅಕ್ಕಾರ, ನಮ್ಮ ಗೇಟಿನ ಜವಾಬ್ದಾರಿ ನಂದು” ಎಂದು ಎದೆ ತಟ್ಟಿ ಹೇಳಿದ್ದ. “ಕುಬಸದ ದಿನ ಹನ್ನೊಂದರೊಳಗ ನನ್ನ ಗಾಡಿ ನಿಮ್ಮ ಬಾಗಲಾಗ ಇರತೈತಿ. ನೋಡೇ ಮಗಳನ್ನ ಕಳಸ್ರಿ.” ಶಿವಕುಮಾರಿಯವರು “ಆತು, ನೋಡೋಣು” ಅಂದಿದ್ದರು.

ಈಗ ಅವನ ಹಳೆಯ ಕಾರು ಒಳಗೆ, ಬಿಳಿ ಕಾರು ಗೇಟಿನಲ್ಲಿ.

ಹೆಂಡತಿ ದಾನವ್ವ ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಬಾಯಿಯೊಳಗೆ ಏನೋ ಗುಣುಗುಣು. ಒಡಪು ಕಟ್ಟುತ್ತಿದ್ದಾಳೆ ಎಂದು ಖಂಡಪ್ಪನಿಗೆ ಗೊತ್ತಾಯಿತು. ದಾನವ್ವ ಗಂಡನ ಹೆಸರು ಹೇಳುವವಳಲ್ಲ. ಮನೆಯಲ್ಲಿ ‘ರೀ’, ಮಂದಿಯ ಮುಂದೆ ‘ಇವರು’. ಮದುವೆ, ಕುಬಸಗಳಲ್ಲಿ ಹೆಂಗಸರು ಗಂಟುಬಿದ್ದಾಗ ಮಾತ್ರ ಎರಡು ಸಾಲಿನ ಒಡಪಿನಲ್ಲಿ ಸೇರಿಸಿ ಆ ಹೆಸರು ಹೊರಗೆ ಬರುತ್ತಿತ್ತು. ಬಿಲ್ಡಿಂಗಿನವರಿಗೂ ಅದರ ಉಸಾಬರಿ ಇರಲಿಲ್ಲ. ದಕ್ಷಿಣದಿಂದ ಬಂದವರೆಲ್ಲ ಮುಂಬಯಿಗೆ ‘ಅಣ್ಣಾ’.

“ಯಾಕ್ರೀ, ಹಂಗ್ಯಾಕ ನಿಂತೀರಿ?” ಎಂದಳು.

“ನೋಡಿಲ್ಲಿ, ಯಾವನೋ ಮಹಾರಾಜ ನಿಲ್ಲಿಸಿ ಹೋಗ್ಯಾನ.”

ವಾಚ್‌ಮನ್ ಓಡಿಬಂದ. ಉತ್ತರದ ಕಡೆಯ ಮನುಷ್ಯ, ಬಂದು ಹದಿನೈದು ದಿನವಾಗಿರಲಿಲ್ಲ. ತಾನು ನೀರಿನ ಮೋಟರ್ ಹಾಕಲು ಹೋದಾಗ ಡ್ರೈವರ್ ಗಾಡಿ ನಿಲ್ಲಿಸಿಬಿಟ್ಟಿದ್ದ, ಆಮೇಲೆ ಯಾರದೋ ಉದ್ದನೆಯ ಹೆಸರು ಹೇಳಿ ಇದ್ದಾರಾ ಎಂದು ಕೇಳಿದ, ಅಂಥವರು ಇಲ್ಲಿ ಇಲ್ಲವೆಂದು ತಾನೇ ಪಕ್ಕದ ಬಿಲ್ಡಿಂಗಿಗೆ ಕಳಿಸಿದೆ ಎಂದು ಹಿಂದಿಯಲ್ಲಿ ವರದಿ ಒಪ್ಪಿಸಿದ.

“ಹೋಗೋದು ಬಾಜೂ ಬಿಲ್ಡಿಂಗಿಗೆ, ಗಾಡಿ ನಿಲ್ಲಸೋದು ನಮ್ಮ ಗೇಟಿಗೆ!” ಖಂಡಪ್ಪನ ಸಿಟ್ಟು ನೆತ್ತಿಗೇರಿತು. “ಎಂಥಾ ಸೊಕ್ಕಿನ ಮಂದಿ ಅದಾರ ನೋಡಪಾ!”

ಆ ದನಿಗೆ ಗ್ಯಾಲರಿಗಳೆಲ್ಲ ತುಂಬಿದವು. ಮೂರನೆಯ ಮಹಡಿಯ ಅಮೋಲ್ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಇಳಿದುಬಂದ. ಯಾವ ಮನೆಯ ನಳ ಸೋರಿದರೂ, ಯಾರ ಗಂಡಹೆಂಡಿರು ಜಗಳಾಡಿದರೂ ಸಲಹೆ ಕೊಡದೆ ಇರಲಾರದ ಜೀವ ಅದು. “ಅಣ್ಣಾ, ಟೆನ್ಶನ್ ಮತ್ ಲೋ” ಎಂದು ಸಮಾಧಾನ ಹೇಳಿ, ಗಾಜಿನ ಹಿಂದೆ ಇಟ್ಟಿದ್ದ ಚೀಟಿಯಲ್ಲಿನ ನಂಬರ್ ನೋಡಿ ತನ್ನ ಮೊಬೈಲಿನಿಂದ ಫೋನ್ ಹಚ್ಚಿದ.

“ಬಿಝಿ ಹೈ.”

ಅದೇ ಹೊತ್ತಿಗೆ ಖಂಡಪ್ಪನ ಮೊಬೈಲು ಕಿರುಚಿತು. ಕನ್ನಡಕ ಮನೆಯಲ್ಲಿತ್ತು. ಕಣ್ಣು ಕಿರಿದು ಮಾಡಿ ನೋಡಿದ. ಹೆಸರಿಲ್ಲ, ಬರೀ ನಂಬರ್. “ಪನವೇಲ್‌ದಾಗ ಪ್ಲಾಟ್ ಬೇಕೇನು ಅನ್ನವ್ರು. ಇವರಿಗೂ ಇವತ್ತೇ ಆಗಬೇಕು” ಎಂದು ಕಟ್ ಮಾಡಿದ.

ಅಮೋಲ್ ಮತ್ತೆ ಹಚ್ಚಿದ. ಮತ್ತೆ ಬಿಝಿ. ಪ್ಲಾಟಿನವರೂ ಮತ್ತೆ ಹಚ್ಚಿದರು. ಖಂಡಪ್ಪ ಮತ್ತೆ ಕಟ್ ಮಾಡಿದ. ಹೀಗೇ ಎಷ್ಟೋ ಸಲ ನಡೆಯಿತು. ಗಾಡಿಯವನದು ಎಂಥಾ ನಿರ್ಲಜ್ಜ ಬಾಯಿ, ಒಂದೇ ಸಮನೆ ಹರಟುತ್ತಿದ್ದಾನಲ್ಲ ಎಂದು ಅಮೋಲ್‌ನಿಗೇ ಅಚ್ಚರಿಯಾಯಿತು.

“ನೂಕೋಣು ತಗೀರಿ” ಎಂದ ಖಂಡಪ್ಪ. ನಾಲ್ಕು ಮಂದಿ ಹಿಂದೆ ನಿಂತು ನೂಕಿದರು. ಗಾಡಿ ಅಲುಗಾಡಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿತ್ತು. ನೂಕುವ ಭರಕ್ಕೆ ಖಂಡಪ್ಪನ ಇಸ್ತ್ರಿ ಅಂಗಿ ಕಂಕುಳಲ್ಲಿ ಪರ್ರೆಂದು ಹರಿಯಿತು. ಎರಡನೆಯ ಮಹಡಿಯ ಕಾಕಿ ಮೇಲಿನಿಂದಲೇ, “ಜೋರ್ ಲಗಾವ್, ಅಣ್ಣಾ!” ಎಂದಳು. ಹೇಳಲಿಕ್ಕೆ ಅವಳಿಗೇನು.

ಆಗ ಮಾಧುರಿಯ ಫೋನು ಬಂತು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ತಡವರಿಸಿ ಬರುತ್ತದೆ. “ಅಪ್ಪಾ, ಎಲ್ಲಿ ತಕ್ ಬಂದ್ರಿ? ಅತ್ತಿ ಬಾರ್ ಬಾರ್ ಗಡಿಯಾರ ನೋಡಾಕತ್ತಾರ. ನನ್ನ ಬ್ಯಾಗ್ ಪ್ಯಾಕ್ ಆಗೈತಿ. ಪ್ಲೀಸ್ ಅಪ್ಪಾ, ಲೇಟ್ ಮಾಡಬ್ಯಾಡ್ರಿ.”

“ಹೊಂಟೇವಿ ಅವ್ವಾ, ಹೊಂಟೇ ಬಿಟ್ಟೇವಿ” ಎಂದ ಖಂಡಪ್ಪ. ಮಗಳು ಬಾಣಂತಿಯಾಗಿ ಮಲಗಲೆಂದು ಕೋಣೆಗೆ ಸುಣ್ಣ ಹೊಡೆಸಿದ್ದ, ಮಂಚ ಕಿಟಕಿಯ ಗಾಳಿ ತಾಗದ ಮೂಲೆಗೆ ಸರಿಸಿದ್ದ. ಅದೆಲ್ಲ ಯಾವನೋ ಒಬ್ಬ ದಂಡಪಿಂಡ ಡ್ರೈವರನಿಂದ ಕೈತಪ್ಪುವುದೆಂದರೆ!

“ಬೋರ್ಡು ಇರೋದು ಯಾತಕ್ಕ?” ಎಂದು ಗುಡುಗಿದ. ವಾಚ್‌ಮನ್‌ನಿಂದ ಬೆಂಕಿಪೆಟ್ಟಿಗೆ ಇಸಿದುಕೊಂಡ.

ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿತ್ತು. ಖಂಡಪ್ಪ ಒಂದು ಕ್ಷಣ ತಡೆದ. ಕೈ ತಾನಾಗಿ ಹಣೆಗೆ ಹೋಯಿತು. “ನಮ್ಮವನ ಇರಬೇಕು” ಎಂದ, ನೊಂದ ದನಿಯಲ್ಲಿ. “ನಮ್ಮವರೇ ಹಿಂಗ ಮಾಡಿದ್ರ ಮಂದಿಗೆ ಏನ್ ಹೇಳೂದು?” ಹೀಗೆಂದು ವಿಭೂತಿಗೆ ನಮಸ್ಕಾರ ಮಾಡಿ, ಕೆಳಗೆ ಕುಳಿತು, ವಾಲ್ವಿನ ಟೋಪಿ ತಿರುಗಿಸಿ ಕಡ್ಡಿ ಒತ್ತಿದ. ಹವಾ ಬುಸ್ಸೆಂದು ಹೊರಬಿತ್ತು. ಒಂದಕ್ಕೆ ನಿಲ್ಲಿಸಬಹುದಾಗಿತ್ತು. ಗ್ಯಾಲರಿಯಿಂದ ಚಪ್ಪಾಳೆ ಬಿತ್ತು ನೋಡಿ, ನಾಲ್ಕನ್ನೂ ತೆಗೆದ. ಗಾಡಿ ನೆಲಕ್ಕೆ ಕುಕ್ಕರಿಸಿತು. ಬಹಳ ವರ್ಷಗಳ ಮೇಲೆ ಖಂಡಪ್ಪನಿಗೆ ನ್ಯಾಯ ಸಿಕ್ಕಂತಾಯಿತು.

ದಾನವ್ವ ಬುತ್ತಿಯ ಬುಟ್ಟಿ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು:

“ಅಲ್ರೀ, ಈಗ ಅದು ಹೆಂಗ ಸರೀತೈತಿ?”

ಕಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮೋಲ್ ಚೀಟಿಯ ನಂಬರಿಗೆ ಇನ್ನೊಮ್ಮೆ ಹಚ್ಚಲು ಹೋದವನು ನಾಲ್ಕೂ ಗಾಲಿ ನೋಡಿ, ಈಗ ಫೋನ್ ಮಾಡಿದರೆ ತಾನೇ ಸಿಕ್ಕಿಬೀಳುತ್ತೇನೆಂದು ಬಾಯಿ ತೊಳೆಯುವ ನೆಪದಲ್ಲಿ ಮೇಲೆ ಓಡಿದ. ಗೇಟಿನ ಮುಂದೆ ಉಳಿದವರು ಖಂಡಪ್ಪ, ದಾನವ್ವ, ಮತ್ತು ಬೆಂಕಿಪೆಟ್ಟಿಗೆ ವಾಪಸ್ ಕೇಳಬೇಕೋ ಬೇಡವೋ ಎಂದು ನಿಂತ ವಾಚ್‌ಮನ್.

ಕೊನೆಗೆ ರಿಕ್ಷಾ. ಒಬ್ಬ ಗೋರೆಗಾಂವ್ ಎಂದರೆ ತಲೆ ಆಡಿಸಿ ಹೋದ. ಇನ್ನೊಬ್ಬ ಬುಟ್ಟಿ ನೋಡಿ ಹೋದ. ಮೂರನೆಯವ ಹತ್ತಿಸಿಕೊಂಡ. ಹೈವೇಯಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಲೇನಿನಲ್ಲಿದ್ದ. ಒಬ್ಬ ಬಸ್ಸಿನವ ಹಾರ್ನ್ ಒತ್ತಿದ ಹೊಡೆತಕ್ಕೆ ರಿಕ್ಷಾದವ ಬ್ರೇಕ್ ಹಾಕಿದ, ಶೇಂಗಾ ಉಂಡಿಗಳು ಬುಟ್ಟಿಯಿಂದ ಹಾರಿ ಖಂಡಪ್ಪನ ಕಾಲ ಕೆಳಗೆ ಪುಡಿಯಾದವು. ದಾನವ್ವ ಹಸಿರು ಸೀರೆಯ ಗಂಟನ್ನು ಕೂಸಿನ ಹಾಗೆ ಅವಚಿಕೊಂಡು ಕುಳಿತಿದ್ದಳು. ದಾರಿಯಲ್ಲಿ ಪ್ಲಾಟಿನವರು ಮತ್ತೆ ಫೋನ್ ಮಾಡಿದರು. ಖಂಡಪ್ಪ ಕಟ್ ಮಾಡಿದ.

ಬೀಗರ ಮನೆ ಮುಟ್ಟಿದಾಗ ಹನ್ನೊಂದು ದಾಟಿ ಬಹಳ ಹೊತ್ತಾಗಿತ್ತು. ಹಾಲ್ ತುಂಬ ಹೆಂಗಸರು. ಬಾಗಿಲ ಬಳಿಯೇ ಮಾಧುರಿಯ ಕೆಂಪು ಬ್ಯಾಗು ಕಟ್ಟಿಟ್ಟಿತ್ತು. ಅದನ್ನು ಕಂಡದ್ದೇ ಖಂಡಪ್ಪನಿಗೆ ಹೋದ ಜೀವ ಬಂದಂತಾಯಿತು.

ಶಿವಕುಮಾರಿಯವರು ಸಿಟ್ಟಾಗಿರಲಿಲ್ಲ. ನೀರು ಕೊಟ್ಟು, “ಯಾಕ ಬೀಗರ, ಅಂಗಿ ಹರದೈತಿ?” ಎಂದು ಕೇಳಿದರು.

ಖಂಡಪ್ಪ ಎಲ್ಲವನ್ನೂ ಹೇಳಿದ. ಸುಮ್ಮನೆ ಹೇಳಲಿಲ್ಲ, ಎದ್ದು ನಿಂತು ಹೇಳಿದ. ಗೇಟಿಗೆ ಅಡ್ಡ ನಿಲ್ಲಿಸಿದವನ ಸೊಕ್ಕು, ಬಿಝಿ ಬರುವ ಫೋನು, ತಾನು ಕೊಟ್ಟ ಶಿಕ್ಷೆ. “ನಾಕೂ ಗಾಲಿ ಹವಾ ತಗದೇನ್ರಿ ಅಕ್ಕಾರ! ಇನ್ನ ಯಾವನೂ ನಮ್ಮ ಗೇಟಿಗೆ ಅಡ್ಡ ಬರೂದಿಲ್ಲ. ಹುಡುಗಿ ಬಗ್ಗೆ ನೀವು ಚಿಂತೀನ ಮಾಡಬ್ಯಾಡ್ರಿ.”

“ಭೇಷ್ ಮಾಡಿದ್ರಿ” ಎಂದರು ಶಿವಕುಮಾರಿಯವರು, ಮನಸಾರೆ. “ಇಂಥವ್ರಿಗೆ ಹಂಗ ಮಾಡಬೇಕು. ಇಷ್ಟ ಜವಾಬ್ದಾರಿ ಇದ್ದ ಮ್ಯಾಲೆ ನನಗ ಎದರ ಅಂಜಿಕಿ? ಖರೇ ಹೇಳ್ತೀನಿ, ನಾನೂ ಮನಸ್ಸು ಬದಲಿಸೇನಿ. ನಿನ್ನೆ ಹೊಸ ಗಾಡಿ ತಂದ್ವಿ, ಹೊಸ ಡ್ರೈವರನ್ನೂ ಇಟ್ವಿ. ಬಾಣಂತನ ಮುಗಿಯೂತನಕ ಗಾಡಿ, ಡ್ರೈವರ್ ಎರಡೂ ನಿಮ್ಮಲ್ಲೇ ಇರ್ಲಿ ಅಂತ ಮುಂಜಾನೇನ ಕಳಸೇನಿ. ಹೇಳಿದ್ರ ನೀವು ಬ್ಯಾಡ ಅಂತೀರಿ ಅಂತ ಹೇಳಲಿಲ್ಲ. ಒಳಗ ನಿಲ್ಲಿಸಿದ್ರ ಸಿಕ್ಕೊಂಡೀತು, ಗೇಟಿನ ಬಾಯಾಗ ನಿಲ್ಲಸು ಅಂತ ಡ್ರೈವರ್ ಭೀಮರಾಯಗ ಹೇಳಿದ್ದೆ. ನಿಮಗ ಭೇಟಿ ಆಗಲಿಲ್ಲೇನು?”

ಖಂಡಪ್ಪ ನೀರಿನ ಲೋಟ ಕೆಳಗಿಟ್ಟ.

ಆಗ ಪ್ಲಾಟಿನವರ ಫೋನು ಬಂತು. ಈ ಸಲ ಕಟ್ ಮಾಡಲು ಖಂಡಪ್ಪನ ಬೆರಳು ಏಳಲಿಲ್ಲ. “ಕೊಡ್ರಿಲ್ಲಿ” ಎಂದು ಶಿವಕುಮಾರಿಯವರು ಮೊಬೈಲ್ ಇಸಿದುಕೊಂಡು, ನಂಬರ್ ನೋಡಿ, “ಇದು ನಮ್ಮ ಭೀಮರಾಯಂದಲ್ಲೇನು?” ಎಂದು ಸ್ಪೀಕರ್ ಹಾಕಿದರು.

“ಸಾಹೇಬ್ರ! ಅಬ್ಬಾ, ಎತ್ತಿದ್ರಿ!” ಎಂದಿತು ಫೋನು. ದನಿಯಲ್ಲಿ ಅಳುವೊಂದೇ ಬಾಕಿ. “ನಿಮ್ಮನ್ನ ಹುಡುಕಿ ಹುಡುಕಿ ಸುತ್ತಲಿನ ಬಿಲ್ಡಿಂಗ್ ಎಲ್ಲಾ ಅಡ್ಡಾಡಿದ್ನಿರೀ. ಖಂಡಪ್ಪನವರು ಅಂದ್ರ ಯಾರಿಗೂ ಗೊತ್ತಿಲ್ಲ. ತಿರುಗಿ ಬಂದ್ರ ಗಾಡಿ ನಾಕೂ ಗಾಲಿ ಕೂತಾವ. ಯಾವನೋ ಅಣ್ಣಾ ಅನ್ನವ ತಗದಾನಂತ. ಅವನ ಖರೇ ಹೆಸರು ಕೇಳಿದ್ರ ವಾಚ್‌ಮನ್‌ಗೂ ಗೊತ್ತಿಲ್ಲ. ನೀವು ಕಮಿಟಿಯವರಂತಲ್ರೀ, ಆ ಹಲ್ಕಟ್ ಮನಿಷ್ಯಾನ ಹೆಸರೊಂದ ಹೇಳ್ರಿ, ನಾ ಪೊಲೀಸ್ ಸ್ಟೇಶನ್‌ಗೆ ಹೊಂಟೇನಿ.”

ಖಂಡಪ್ಪ ನೆಲ ನೋಡುತ್ತ ನಿಂತಿದ್ದ. ಮಾಧುರಿ ಅಪ್ಪನ ಹರಿದ ಅಂಗಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿ ಬಂದಿತ್ತು.

ಶಿವಕುಮಾರಿಯವರು ದಾನವ್ವನ ಕಡೆ ತಿರುಗಿದರು.

“ಹೇಳವಾ ತಂಗಿ” ಎಂದರು. “ಹೆಂಗೂ ಕುಬಸದ ಮನಿ. ಹೆಸರು ನೀನ ಹೇಳು.”

ದಾನವ್ವ ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬೆಳಗಿನಿಂದ ಕಟ್ಟಿಟ್ಟಿದ್ದ ಒಡಪು ಎಲ್ಲೋ ಹಾರಿಹೋಗಿತ್ತು. ಬಾಯಿಗೆ ಬಂದದ್ದನ್ನು ಹೇಳಿದಳು:

“ಗೇಟಿಗೆ ಅಡ್ಡ ಗಾಡಿ, ಗಾಡಿಗೆ ನಾಕ ಗಾಲಿ,
ಹವಾ ತಗದವರು ಖಂಡಪ್ಪನವರು, ಮಗಳ ಉಡಿ ಆಗದಿರಲಿ ಖಾಲಿ.”

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಯಾರಂದ್ರಿ? ಖಂಡಪ್ಪನವರಾ?” ಎಂದಿತು ಫೋನು, ಬೆರಗಾಗಿ. “ಅಯ್ಯ, ನಾ ಮುಂಜಾನಿಂದ ಹುಡಕಾಕತ್ತಿದ್ದು ನಿಮ್ಮನ್ನರೀ!”

ಶಿವಕುಮಾರಿಯವರು ಫೋನ್ ಬಂದ್ ಮಾಡಿ ಖಂಡಪ್ಪನ ಕೈಗೆ ಕೊಟ್ಟರು. ದನಿ ಏರಿಸಲಿಲ್ಲ. “ಉಡಿ ತುಂಬೋಣು, ಊಟಾ ಮಾಡ್ರಿ, ಪದ್ಧತಿ ಏನೂ ಬಿಡೂದು ಬ್ಯಾಡ. ಆದ್ರ ಬೀಗರ, ನಿಮ್ಮ ಗೇಟಿನಾಗ ಈಗ ಎರಡು ಗಾಡಿ ಸಿಕ್ಕೊಂಡಾವ. ಹುಡುಗಿ ಇಲ್ಲೇ ಇರ್ಲಿ.” ಆಮೇಲೆ ಸೊಸೆಯ ಕಡೆ ನೋಡಿ, “ಮಾಧುರಿ, ಬ್ಯಾಗ್ ಒಳಗ ಇಡವಾ” ಎಂದರು.

ಮಾಧುರಿ ಬಾಗಿಲ ಕಡೆ ಹೋಗಿ ಬಗ್ಗಿದಳು. ಏಳು ತಿಂಗಳ ಬಸುರಿ ಭಾರ ಎತ್ತಬಾರದು. ಖಂಡಪ್ಪ ಓಡಿಹೋಗಿ ಅವಳ ಕೈಯಿಂದ ಬ್ಯಾಗು ಬಿಡಿಸಿಕೊಂಡ. ತಾನೇ ಎತ್ತಿ, ಒಳಗಿನ ಕೋಣೆಯಲ್ಲಿ ಇಟ್ಟುಬಂದ.