ಡಾಕ್ಟರ್ ಮಾಲತೇಶ ಎಮ್ಮೆ ಹಿಂಡಿದ್ದು

"ಪ್ರಾಣಿ ಸ್ವಭಾವ ತಿಳಕೊಂಡಾವಗ ಸೂಜಿ ಯಾಕ್ರಿ ಬೇಕು? ಹಾಲು ಇಳಿಸೂ ಸೂಜಿ ಈ ಜನ್ಮದಾಗ ನಾ ಮಾಡೂದಿಲ್ಲ!" ಎಂದು ಪಶುವೈದ್ಯ ಮಾಲತೇಶ ಹೆಬ್ಬಳ್ಳಿಯ ರೈತರೆದುರು ಎದೆ ತಟ್ಟಿಕೊಂಡು ಭಾಷಣ ಬಿಗಿದದ್ದು ನಿನ್ನೆ. ಇವತ್ತು ಹಳೇ ಹುಬ್ಬಳ್ಳಿಯ ಅವನ ಮನೆಯ ಎಮ್ಮೆ ಚಂದ್ರಿಯೇ ಹಾಲು ಬಿಡಲಿಲ್ಲ!

ಕರು ಹೋದಾಗಿನಿಂದ ಚಂದ್ರಿ ಅವನ ಹೆಂಡತಿ ಕಾವೇರಿಯೊಬ್ಬಳಿಗೇ ಹಾಲು ಕೊಡುತ್ತಿತ್ತು. ಕಾವೇರಿ ನಿನ್ನೆ ಧಾರವಾಡದ ತವರಿಗೆ ಹೊರಟಾಗ, "ಚಂದ್ರಿನ್ನ ಸಂಭಾಳಿಸ್ತೀರಿಲ್ಲೊ?" ಎಂದು ಕೇಳಿದ್ದಳು.

"ನಾ ಡಾಕ್ಟರ್ ಅದೇನಿ!" ಎಂದು ಮೀಸೆ ತಿರುವಿದ್ದ.

ನಿನ್ನೆ ಸಂಜೆ ಒಂದು ತೊಟ್ಟೂ ಇಳಿಯಲಿಲ್ಲ. ಇವತ್ತು ಬೆಳಿಗ್ಗೆಯೂ ಇಲ್ಲ. ಮೈ ಸವರಿದ, ತಿನ್ನಲು ಹಿಂಡಿ ಇಟ್ಟ, ಕಡೆಗೆ ಹೆಂಡತಿಯ ಸೀರೆಯನ್ನೂ ಹೊದ್ದುಕೊಂಡ. ಚಂದ್ರಿ ಝಾಡಿಸಿ ಒದೆಯಿತು. ಬಕೆಟ್ ತಿಪ್ಪೆ ಸೇರಿತು.

ಕೆಚ್ಚಲು ಕಲ್ಲಾಗಿತ್ತು. ಇನ್ನೊಂದು ಹೊತ್ತು ಹೀಗೇ ಹೋದರೆ ಬಾವು ಖಂಡಿತ! ಚಂದ್ರಿ ನರಳತೊಡಗಿತು. ಬೇರೆ ದಾರಿ ಕಾಣದೆ ಸೂಜಿಯ ಡಬ್ಬಿಗೆ ಕೈ ಹಾಕಿದ. ಅಷ್ಟರಲ್ಲಿ ಬಾಗಿಲಲ್ಲಿ ಹೆಬ್ಬಳ್ಳಿಯ ಶಿದ್ದಪ್ಪ ಹಾಜರ್! ನಿನ್ನೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು, ಇವತ್ತು ಔಷಧಕ್ಕೆ ಬಂದಿದ್ದ.

"ಸೂಜೀನ್ರಿ ಸಾಹೇಬ್ರ?"

"ಛೇ ಛೇ! ಡಬ್ಬಿ ಒರಸಾಕತ್ತೇನಿ!"

ಶಿದ್ದಪ್ಪ ಚಂದ್ರಿಯ ಬಿಗಿದ ಕೆಚ್ಚಲು ನೋಡಿದ. "ನಿನ್ನಿ ನೀವಽ ಹೇಳಿದ್ರಲ್ರಿ, ಹಿಂಡೂಮುಂದ ದಿನಾ ಕೇಳೂ ದನಿ ಕೇಳಸಬೇಕು ಅಂತ. ನಿಮ್ಮ ಮನ್ಯಾಗ ಹಿಂಡೂ ಅಕ್ಕಾರು ಏನು ಹಾಡ್ತಾರ್ರಿ?"

ಮಾಲತೇಶ ಬಿಳುಚಿಕೊಂಡ. "ಹಾಡಲ್ಲಪಾ... ನನಗ ಬೈತಾಳ!"

ಖರೇ! ನಾಲ್ಕು ವರ್ಷದಿಂದ ಎರಡೂ ಹೊತ್ತು, ಪೇಪರ್ ಹಿಡಿದು ಕೂತ ಗಂಡನನ್ನು ಕೊಟ್ಟಿಗೆಯಿಂದಲೇ ಜಾಲಾಡಿಸುತ್ತ ಕಾವೇರಿ ಹಾಲು ಹಿಂಡುತ್ತಿದ್ದಳು.

ಮಾಲತೇಶ ಹೆಂಡತಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಚಂದ್ರಿಯ ಕಿವಿಯ ಬಳಿ ಹಿಡಿಯಲು ಶಿದ್ದಪ್ಪನಿಗೆ ಕೊಟ್ಟು, ತಾನು ಬೇರೆ ಬಕೆಟ್ ಇಟ್ಟು ಹಿಂಡಲು ಕೂತ. "ಕಾವೇರಿ, ಎರಡು ಹೊತ್ತಿನಿಂದ ಚಂದ್ರಿ ಹಾಲು ಬಿಟ್ಟಿಲ್ಲ..."

"ಏನಂದ್ರಿ? ಊರ ಮಂದಿಗೆಲ್ಲಾ ಬುದ್ಧಿ ಹೇಳ್ತೀರಿ, ಮನ್ಯಾಗಿನ ಮೂಕಪ್ರಾಣಿ ಸಂಕಟ ತಿಳಿಯೂದಿಲ್ಲೇನ್ರಿ ನಿಮಗ!"

ಸರ್‍ರ್! ಹಾಲಿನ ಧಾರೆ! ಮಾಲತೇಶನ ಕಣ್ಣು ತುಂಬಿ ಬಂತು. ಆದರೆ ಅರ್ಧ ಬಕೆಟ್ ಆಗುವಷ್ಟರಲ್ಲಿ ಅತ್ತಲಿನ ದನಿ ಮೆತ್ತಗಾಯಿತು.

"ಹೋಗ್ಲಿ ಬಿಡ್ರಿ. ನೀವರ ನಾಷ್ಟಾ ಮಾಡೀರಿಲ್ಲೊ?"

ಹಾಲು ನಿಂತಿತು!

"ನನಗ ಬೈ, ಕಾವೇರಿ, ಬೈ! ನಿಮ್ಮಪ್ಪ ಕೊಟ್ಟ ಉಂಗುರ ಕಳದೇನಿ!"

ಮತ್ತೆ ಬೈಗುಳ, ಮತ್ತೆ ಧಾರೆ!

"ನಿಮ್ಮವ್ವನ ಉಪ್ಪಿನಕಾಯಿ ಭರಣಿ ಒಡದಿದ್ದು ಬೆಕ್ಕಲ್ಲ, ನಾನು! ಮೊನ್ನೆ ಮೀಟಿಂಗಿಗೆ ಹೋಗಿರಲಿಲ್ಲ, ಮಿರ್ಚಿ ಭಜಿ ತಿನ್ನಾಕ ಹೋಗಿದ್ದೆ!"

ಕೆಚ್ಚಲು ಖಾಲಿಯಾಯಿತು. ಮಾಲತೇಶನ ಗುಟ್ಟುಗಳೂ.

"ಈಗಽ ಬಸ್ ಹತ್ತತೇನಿ! ಉಳದಿದ್ದು ಮನಿಗೆ ಬಂದು ಮಾತಾಡ್ತೇನಿ!" ಕಾವೇರಿ ಫೋನ್ ಇಟ್ಟಳು.

ಶಿದ್ದಪ್ಪ ತುಂಬಿದ ಬಕೆಟ್ ಎತ್ತಿಟ್ಟು ಸಮಾಧಾನ ಹೇಳಿದ: "ಸಂಜೀ ಹಾಲಿನ ಚಿಂತಿ ಬಿಡ್ರಿ, ಸಾಹೇಬ್ರ!"