ಮುಗಿಯಲೊಲ್ಲದ ಧ್ರುವನೌಕೆಯ ದೀಪಾವಳಿ

"ಸ್ವಿಚ್ ಒತ್ತಿದ್ರೆ ಸಾಕು, ಪರದೆ ಒಳಗಿರೋರೆಲ್ಲ ಆಚೆಗೆ ಬರ್ತಾರೆ! ಕೈಯಲ್ಲಿ ಮುಟ್ಟಬಹುದು!" ಎಂದು ಶ್ರೀಕಂಠಯ್ಯ ಎದೆಯುಬ್ಬಿಸಿ ಸಾರಿದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಹನ್ನೊಂದನೆಯ ಯಂತ್ರವಿದು. ನೋಡಲು ಇಡ್ಲಿ ಕುಕ್ಕರಿಗೂ ವಾಷಿಂಗ್ ಮೆಷಿನ್ನಿಗೂ ಮದುವೆ ಮಾಡಿಸಿದಂತಿತ್ತು.

"ಹತ್ತನೇದು ನನ್ನ ರೇಷ್ಮೆ ಸೀರೆ ಮಡಿಸೋಕೆ ಹೋಗಿ ಎಂಟು ಕರ್ಚೀಫ್ ಮಾಡ್ತು," ಎಂದರು ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಅಂಬುಜಾಕ್ಷಮ್ಮ.

"ಈಗ ಆ ವಿಷಯ ಯಾಕೆ ಕಣೇ, ನಾಲ್ಕು ಜನರ ಮುಂದೆ!"

ನಾಲ್ಕಲ್ಲ, ನಲವತ್ತು ಜನರಿದ್ದರು. ಮೈಸೂರಿನ ಆ ಬಡಾವಣೆಯ ಸಮುದಾಯ ಭವನದಲ್ಲಿ ಅಂದು ಬೆಳಿಗ್ಗೆ 'ಧ್ರುವನೌಕೆ' ಅಭಿಮಾನಿ ಬಳಗದ ವಾರ್ಷಿಕ ಕೂಟ. 'ಧ್ರುವನೌಕೆ' ಧಾರಾವಾಹಿ ಬರುವ ಹೊತ್ತಿಗೆ ಬೀದಿನಾಯಿಗಳೂ ಬೊಗಳುತ್ತಿರಲಿಲ್ಲ, ಅಂಥ ಹೆಸರು ಅದಕ್ಕೆ. ಆದರೆ ಆ ಹೆಸರನ್ನೇ ನೆಚ್ಚಿಕೊಂಡು ಹಬ್ಬಕ್ಕೆಂದು ತೆಗೆದ 'ಧ್ರುವನೌಕೆಯ ದೀಪಾವಳಿ' ಇತ್ತಲ್ಲ, ಅದು ಒಂದೇ ಸಲ ಪ್ರಸಾರವಾಗಿ, ನೋಡಿದವರಿಂದೆಲ್ಲ ಉಗಿಸಿಕೊಂಡು ಮೂಲೆ ಸೇರಿತ್ತು. ನೌಕೆಯ ಕಪ್ತಾನ ಮದುವೆಯಾದ ವರ್ಷದ ದೀಪಾವಳಿಗೆ ಬೇರೊಂದು ಗ್ರಹದಲ್ಲಿರುವ ಅತ್ತೆ ಮನೆಗೆ ಹೋಗಿ ಎಣ್ಣೆ ಸ್ನಾನ ಮಾಡುವುದೇ ಅದರ ಕತೆ!

ಆ ಗ್ರಹದ ಮೂರು ಕಣ್ಣಿನ ಅತ್ತೆಯಾಗಿ ನಟಿಸಿದ್ದವರು ಅಂಬುಜಾಕ್ಷಮ್ಮ. ಅಳಿಯನ ತಲೆಗೆ ಎಣ್ಣೆ ಒತ್ತುವಾಗ ಹಣೆಗೆ ಅಂಟಿಸಿದ್ದ ಕಣ್ಣು ಟಪ್ಪನೆ ಬಟ್ಟಲಿಗೆ ಬಿದ್ದಿತ್ತು. ನಿರ್ದೇಶಕರು ಅದನ್ನು ಹಾಗೇ ಬಿಟ್ಟರು. ಅಂಬುಜಾಕ್ಷಮ್ಮನ ಎರಡು ಪುಟದ ಮಾತನ್ನು ಮಾತ್ರ ಚಿತ್ರೀಕರಿಸಲೇ ಇಲ್ಲ. ಅಷ್ಟರಲ್ಲಿ ನಿರ್ಮಾಪಕರು ಸೆಟ್ ಬಿಟ್ಟು ಪರಾರಿಯಾಗಿದ್ದರು. ಮೂವತ್ತು ವರ್ಷದಿಂದ ಅಂಬುಜಾಕ್ಷಮ್ಮ ಊರಿಗೆಲ್ಲ 'ಕಣ್ಣು ಬಿದ್ದ ಅತ್ತೆ'. ಆ ಎರಡು ಪುಟ ಇವತ್ತಿಗೂ ಅವರಿಗೆ ಬಾಯಿಪಾಠ. ಯಾರಾದರೂ ಒಂದೇ ಒಂದು ಸಲ ಕೇಳಿಸಿಕೊಂಡಿದ್ದರೆ ಸಾಕಿತ್ತು!

ಬಳಗದ ಅಧ್ಯಕ್ಷ ದೊರೆಸ್ವಾಮಿ ಮೇಷ್ಟ್ರು ಮೈಕು ಹಿಡಿದರು. "ಬನ್ನಿ, ಹೊಟ್ಟೆ ಹುಣ್ಣಾಗೋ ಹಾಗೆ ನಗೋಣ! ಅಂಬುಜಾಕ್ಷಮ್ನೋರೇ, ಬೇಜಾರಿಲ್ಲ ತಾನೆ?"

"ಯಾಕ್ರೀ ಬೇಜಾರು? ನಾನೇನು ಕಳ್ಳತನ ಮಾಡಿದೀನಾ, ನಟನೆ ಮಾಡಿದೀನಿ. ಹಾಕಿ!"

ಶ್ರೀಕಂಠಯ್ಯ ಕ್ಯಾಸೆಟ್ ತುರುಕಿ ಸ್ವಿಚ್ ಒತ್ತಿದರು. ಯಂತ್ರ ಮೂರು ವಿಷಲ್ ಹಾಕಿತು. ಎಣ್ಣೆ ಸುರಿಯುವ ತಲೆಯಲ್ಲೇ ಕಪ್ತಾನ ಪರದೆಯಿಂದ ಇಳಿದು ಬಂದು ಮುಂದಿನ ಸಾಲಿನವರ ಪಂಚೆಗಳನ್ನೆಲ್ಲ ಹಾಳು ಮಾಡಿದ. ಅವನ ರಟ್ಟಿನ ನೌಕೆ ಫ್ಯಾನಿಗೆ ಸಿಕ್ಕಿ ಚಿಂದಿಯಾಯಿತು. ಆ ಗ್ರಹದ ಮೂರು ಬಾಲದ ಕರು ಬಂದು ಬಳಗದ ಬ್ಯಾನರನ್ನು ಅಗಿಯತೊಡಗಿತು. ಕೊನೆಗೆ ಇಪ್ಪತ್ತೆಂಟರ ಅಂಬುಜಾಕ್ಷಿ ಬಂದಳು, ಕಣ್ಣು ಬಿತ್ತು, ಭವನವೇ ಬಿದ್ದುಹೋಗುವಷ್ಟು ನಗು! ನಗದೆ ಕೂತಿದ್ದವರು ಅಂಬುಜಾಕ್ಷಮ್ಮ ಒಬ್ಬರೇ.

ಕ್ಯಾಸೆಟ್ ಮುಗಿಯಿತು. ಪರದೆಯಿಂದ ಬಂದವರೆಲ್ಲ ಕರಗಿಹೋದರು. ಯಂತ್ರ ಮಾತ್ರ ನಿಲ್ಲಲಿಲ್ಲ.

"ಮುಂದಿನ ದೃಶ್ಯ! ಕಲಾವಿದರು ಬೇಕು!" ಎಂದು ಅದು ಕಿರುಚಿ, ಕೆಂಪು ಬೆಳಕನ್ನು ಜನರ ಮೇಲೆ ಬಿಟ್ಟಿತು. ಬಳಗದ ಖಜಾಂಚಿಗೆ ಕಪ್ತಾನನ ಟೋಪಿ ಬಂತು. ದೊರೆಸ್ವಾಮಿಯವರಿಗೆ ಪ್ಯಾಂಟು ಹರಿದುಕೊಂಡು ಮೂರು ಬಾಲ ಬಂದವು!

"ಅಯ್ಯಯ್ಯೋ! ಪ್ಲಗ್ ಕೀಳ್ರೀ!"

"ಕಿತ್ತೆ ಕಣ್ರೀ! ಕರೆಂಟ್ ಹೋದ್ರೂ ನಿಲ್ಲಬಾರದು ಅಂತ ಒಳಗೆ ಬ್ಯಾಟರಿ ಇಟ್ಟಿದೀನಿ." ಇದನ್ನೂ ಶ್ರೀಕಂಠಯ್ಯ ಹೆಮ್ಮೆಯಿಂದಲೇ ಹೇಳಿದರು.

"ಮತ್ತೆ ಹೇಗ್ರೀ ನಿಲ್ಲುತ್ತೆ ಇದು?" ಎಂದು ಅಂಬುಜಾಕ್ಷಮ್ಮ ಕೇಳಿದರು.

"ಶೂಟಿಂಗಿನ ಶಾಸ್ತ್ರ ಎಲ್ಲ ಅದಕ್ಕೆ ಕಲಿಸಿಬಿಟ್ಟಿದೀನಿ ಕಣೇ. ಕುಂಬಳಕಾಯಿ ಒಡೆದ್ರೇನೇ ಶೂಟಿಂಗ್ ಮುಗೀತು ಅಂತ. ನಿಮ್ಮ ಸೆಟ್ಟಲ್ಲಿ ಒಡೆದಿದ್ರಾ?"

"ನಿರ್ಮಾಪಕರೇ ಓಡಿಹೋದ್ಮೇಲೆ ಯಾರ್ರೀ ಒಡೀತಾರೆ?"

ಟೋಪಿ ಹಾಕಿಕೊಂಡೇ ಖಜಾಂಚಿ ಮಾರ್ಕೆಟ್ಟಿಗೆ ಓಡಿ ಒಂದು ಬೂದುಗುಂಬಳಕಾಯಿ ಹೊತ್ತು ತಂದರು. ತಾವೇ ಒಡೆಯಲು ಹೋದರೆ ಯಂತ್ರ ಬುಸ್ಸೆಂದು ಮುಖಕ್ಕೆ ಹಬೆ ಬಿಟ್ಟಿತು. "ಮೂಲ ಕಲಾವಿದರೇ ಒಡೆಯಬೇಕು!" ಕಾಯಿ ಅಂಬುಜಾಕ್ಷಮ್ಮನ ಮಡಿಲಿಗೆ ಬಂತು.

"ಒಡೀರಿ ತಾಯಿ, ನಿಮ್ಮ ದಮ್ಮಯ್ಯ!" ದೊರೆಸ್ವಾಮಿ ಮೂರೂ ಬಾಲ ಮುದುರಿಕೊಂಡು ಅಂಗಲಾಚಿದರು.

"ಒಡೆಯಲ್ಲ!"

ಅಂಬುಜಾಕ್ಷಮ್ಮ ಎದ್ದು ನಿಂತರು. ಮೂವತ್ತು ವರ್ಷ ನುಂಗಿಕೊಂಡ ಸಿಟ್ಟು ಗಂಟಲಿಗೆ ಬಂದಿತ್ತು.

"ಕೆಟ್ಟದಾಗಿತ್ತು ಅಂತ ನನಗೆ ಗೊತ್ತಿಲ್ವಾ? ನೌಕೆ ರಟ್ಟಿಂದು, ಕಣ್ಣು ಗೋಂದಿಂದು, ಎಲ್ಲ ಒಪ್ತೀನಿ. ಆದ್ರೆ ಇಪ್ಪತ್ತು ಜನ ಊಟ ನಿದ್ದೆ ಬಿಟ್ಟು ಮಾಡಿದ್ವಿ ಅದನ್ನ. ನನ್ನ ಎರಡು ಪುಟ ಇನ್ನೂ ಬಾಕಿ ಇದೆ. ಕೂತ್ಕೊಳ್ಳಿ ಎಲ್ರೂ!"

ಎಲ್ಲರೂ ಕೂತರು. ದೊರೆಸ್ವಾಮಿ ಮಾತ್ರ ಕೂರಲಾಗದೆ ನಿಂತರು.

"ಅತ್ತೆಯ ದೃಶ್ಯ! ಸದ್ದು!" ಎಂದಿತು ಯಂತ್ರ. ಅಂಬುಜಾಕ್ಷಮ್ಮನ ಹಣೆಗೆ ಮೂರನೇ ಕಣ್ಣು ಬಂದು ಅಂಟಿಕೊಂಡಿತು.

"ಅಳಿಯಂದಿರೇ," ಎಂದು ಅವರು ಶುರು ಮಾಡಿದರು. "ನಮ್ಮ ಗ್ರಹ ಚಿಕ್ಕದು. ನಮ್ಮಲ್ಲಿ ಎಣ್ಣೆ ಕಡಿಮೆ, ಕತ್ತಲೆ ಜಾಸ್ತಿ. ಆದರೂ ನೀವು ಬರುತ್ತೀರೆಂದು ಮನೆಮನೆಯಿಂದ ತೊಟ್ಟು ತೊಟ್ಟು ಕೂಡಿಸಿ ದೀಪ ಹಚ್ಚಿದೆವು. ನಿಮ್ಮ ನೌಕೆಯವರು ನೋಡಿ ನಕ್ಕರು. ನಗಲಿ ಬಿಡಿ. ನಕ್ಕವರಿಗೂ ಎಲೆ ಹಾಕಿದ್ದೇವೆ. ಉಂಡು ಹೋಗಿ."

ಎರಡನೇ ಪುಟದ ನಡುವೆ ಕಣ್ಣು ಮತ್ತೆ ಬಿತ್ತು! ಅಂಬುಜಾಕ್ಷಮ್ಮ ಬಗ್ಗಿ ಅದನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಹಣೆಗೆ ಒತ್ತಿಕೊಂಡು, ಬಿಟ್ಟ ಪದದಿಂದಲೇ ಮುಂದುವರಿಸಿದರು. ಒಬ್ಬರೂ ನಗಲಿಲ್ಲ. ದೊರೆಸ್ವಾಮಿ ನಡುವಿನ ಬಾಲದಿಂದ ಕಣ್ಣೊರೆಸಿಕೊಂಡರು. ಮಾತು ಮುಗಿದಾಗ ಶ್ರೀಕಂಠಯ್ಯ ಯಂತ್ರ ಮರೆತು ಹೆಂಡತಿಯನ್ನೇ ನೋಡುತ್ತಿದ್ದರು. ಆಮೇಲೆ ಬಿದ್ದ ಚಪ್ಪಾಳೆಗೆ ಕಿಟಕಿ ಗಾಜು ಅದುರಿತು.

"ಈಗ ಒಡೀರಿ ತಾಯಿ," ಎಂದರು ದೊರೆಸ್ವಾಮಿ, ಮೆತ್ತಗೆ.

"ಮುಂದಿನ ದೃಶ್ಯ?" ಎಂದಿತು ಯಂತ್ರ, ಅದೂ ಮೆತ್ತಗೆ.

ಅಂಬುಜಾಕ್ಷಮ್ಮ ಇಬ್ಬರನ್ನೂ ನೋಡಿದರು. ಕುಂಬಳಕಾಯಿಯನ್ನು ಸೊಂಟಕ್ಕೆ ಏರಿಸಿಕೊಂಡು ಸೀದಾ ಮನೆಗೆ ಹೋಗಿ, ಈಳಿಗೆ ಮಣೆಯಲ್ಲಿ ಹೆಚ್ಚಿ ಮಜ್ಜಿಗೆ ಹುಳಿ ಮಾಡಿಬಿಟ್ಟರು! ಹೆಚ್ಚಿದ್ದು ಒಡೆದ ಲೆಕ್ಕಕ್ಕೆ ಬರುವುದಿಲ್ಲವೆಂದು ಯಂತ್ರ ತೀರ್ಪು ಕೊಟ್ಟಿದೆ.

ಹೀಗಾಗಿ 'ಧ್ರುವನೌಕೆಯ ದೀಪಾವಳಿ' ಈಗಲೂ ಪ್ರತಿ ಭಾನುವಾರ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ನಡೆಯುತ್ತಿದೆ, ಜಾಗ ಸಿಗುವುದಿಲ್ಲ. ಮೊನ್ನೆ ಪತ್ರಿಕೆಯವರು ಬಂದು ಅಂಬುಜಾಕ್ಷಮ್ಮನವರನ್ನು ದೊರೆಸ್ವಾಮಿಯವರ ನಟನೆ ಹೇಗೆ ಎಂದು ಕೇಳಿದರು.

"ಬಾಲಗಳು ಪರವಾಗಿಲ್ಲ," ಎಂದರು ಅವರು. "ಮೇಷ್ಟ್ರದ್ದೇ ಸ್ವಲ್ಪ ಅತಿಯಾಯ್ತು."